ದಿಬ್ಬ ನಿಲ್ಲಬೇಕು, ಮರಳು ನಡೆಯಬೇಕು

2023ರ ಸೆಪ್ಟೆಂಬರ್ 18. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಯುನೆಸ್ಕೊ ಸಭೆ. ಬೇಲೂರು, ಹಳೇಬೀಡು, ಸೋಮನಾಥಪುರ ಅವತ್ತು ವಿಶ್ವ ಪರಂಪರೆ ಪಟ್ಟಿ ಸೇರಿದವು. ನಮಗೆಲ್ಲ ಖುಷಿಯೋ ಖುಷಿ. ಮಾರನೇ ದಿನ ಅದೇ ಸಭೆಯಲ್ಲಿ ಪಟ್ಟಿ ಸೇರಿದ ಇನ್ನೊಂದು ಹೆಸರು ನಮ್ಮಲ್ಲಿ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಅಮೆರಿಕದ ಒಹಾಯೊ ರಾಜ್ಯದ ಹೋಪ್‌ವೆಲ್ ಮಣ್ಣಿನ ದಿಬ್ಬಗಳು. ಒಟ್ಟು ಎಂಟು ಜಾಗ. ಅದರಲ್ಲಿ ಒಂದರ ಮೇಲೆ ಅವತ್ತಿಗೂ ಗಾಲ್ಫ್ ಆಟ ನಡೆಯುತ್ತಿತ್ತು.

ದಿಬ್ಬದ ಪಕ್ಕದಲ್ಲಿದ್ದ ಮೈದಾನದ ಮಾತಲ್ಲ ಇದು. ದಿಬ್ಬಗಳೇ ಮೈದಾನ. ಎರಡು ಸಾವಿರ ವರ್ಷ ಹಳೆಯ ಏರಿಯ ಇಳಿಜಾರಿನಲ್ಲಿ ಬಿಳಿ ಚೆಂಡು ಬಿದ್ದಿರುತ್ತಿತ್ತು. ಏರಿಗಳ ನಡುವೆ ಬಾವುಟ ನೆಟ್ಟ ಕುಳಿ. ಆಟಗಾರರನ್ನು ಕೂರಿಸಿಕೊಂಡ ಪುಟ್ಟ ಗಾಡಿ ಅವುಗಳ ಬದಿಯಲ್ಲೇ ಓಡಾಡುತ್ತಿತ್ತು.

ಇಂಥ ಕಡೆ ಸ್ಮಾರಕ ಉಳಿಸುವುದು ಅಂದರೇನು? ಕಾಡು, ಕೆರೆ, ಕಡಲ ದಂಡೆ ಉಳಿಸುವುದು ಅಂದರೇನು? ಬೇಲಿ ಹಾಕಿ ಬೋರ್ಡು ನೆಟ್ಟರೆ ಆಯಿತಲ್ಲ ಅಂತ ಅನ್ನಿಸಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಒಹಾಯೊದ ದಿಬ್ಬ, ಸ್ಕಾಟ್ಲೆಂಡಿನ ಮರಳು, ಇವೆರಡರ ಕಥೆ ಓದಿದ ಮೇಲೆ ಆ ನಂಬಿಕೆ ಹೋಯಿತು. ಒಂದೊಂದು ಜಾಗಕ್ಕೂ ಅದರದೇ ಒಂದು ಕೆಲಸ ಇರುತ್ತದೆ. ಆ ಕೆಲಸ ನಡೆಯಲು ಬಿಡದಿದ್ದರೆ, ಅಂಗುಲ ನೆಲವೂ ಹೋಗದೆ ಆ ಜಾಗ ಸತ್ತುಹೋಗಬಹುದು.

ಮೊದಲು ದಿಬ್ಬದ ಕಥೆ.

ಗಾಲ್ಫ್ ನಡೆಯುತ್ತಿದ್ದ ಆ ದಿಬ್ಬಗಳು ಇರುವುದು ನ್ಯೂವಾರ್ಕ್‌ನಲ್ಲಿ. ಅದು ಒಹಾಯೊದ ಸಣ್ಣ ಪಟ್ಟಣ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಅಲ್ಲಿನ ಮೂಲ ಜನ ದೊಡ್ಡ ದೊಡ್ಡ ಮಣ್ಣಿನ ಏರಿಗಳನ್ನು ಕಟ್ಟಿದರು. ಅವರ ಹತ್ತಿರ ಕಬ್ಬಿಣದ ಗುದ್ದಲಿ ಇರಲಿಲ್ಲ, ಎತ್ತಿನ ಗಾಡಿಯೂ ಇರಲಿಲ್ಲ. ಅಗೆಯಲು ಚೂಪಾದ ಕೋಲು, ಮಣ್ಣು ಹೊರಲು ಬುಟ್ಟಿ. ಅಷ್ಟರಲ್ಲೇ 50 ಎಕರೆಯನ್ನು ಒಳಗೊಳ್ಳುವ ಎಂಟು ಮೂಲೆಯ ಆವರಣ ಎದ್ದಿತು. ಅದಕ್ಕೆ ಅಂಟಿಕೊಂಡು 20 ಎಕರೆಯ ಒಂದು ವೃತ್ತ. ಎರಡನ್ನೂ ಸೇರಿಸುವ ಒಂದು ಓಣಿ, ಎರಡೂ ಬದಿಗೆ ಏರಿ. ವೃತ್ತ ನಿಜಕ್ಕೂ ವೃತ್ತ, ಕಣ್ಣಳತೆಯಲ್ಲಿ ಸುಮ್ನೆ ಸುತ್ತಿದ್ದಲ್ಲ.

ಯಾಕೆ ಕಟ್ಟಿದರು? 1982ರಲ್ಲಿ ಅರ್ಲಮ್ ಕಾಲೇಜಿನ ಇಬ್ಬರು ಅಧ್ಯಾಪಕರು, ರೇ ಹೈವ್ಲಿ ಮತ್ತು ರಾಬರ್ಟ್ ಹಾರ್ನ್, ಒಂದು ಉತ್ತರ ಮುಂದಿಟ್ಟರು. ಒಬ್ಬರು ಭೌತಶಾಸ್ತ್ರದವರು, ಇನ್ನೊಬ್ಬರು ತತ್ವಶಾಸ್ತ್ರದವರು. ಈ ಏರಿಗಳು ಚಂದ್ರನ ಲೆಕ್ಕ ಹಿಡಿದಿವೆ ಎಂದರು.

ಇದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ. ಸೂರ್ಯ ವರ್ಷವಿಡೀ ಒಂದೇ ಕಡೆ ಹುಟ್ಟುವುದಿಲ್ಲ. ಆರು ತಿಂಗಳು ಉತ್ತರಕ್ಕೆ ಸರಿಯುತ್ತಾನೆ, ಆರು ತಿಂಗಳು ದಕ್ಷಿಣಕ್ಕೆ. ಉತ್ತರಾಯಣ, ದಕ್ಷಿಣಾಯನ ಅಂತ ನಾವು ಹೇಳೋದು ಅದಕ್ಕೇ. ಚಂದ್ರನೂ ಹೀಗೇ ಓಲಾಡುತ್ತಾನೆ, ಆದರೆ ಒಂದು ತಿಂಗಳೊಳಗೇ ಒಂದು ಸುತ್ತು ಮುಗಿಸುತ್ತಾನೆ. ಅವನ ಓಲಾಟದ ಅಗಲ ಮಾತ್ರ ಎಲ್ಲ ವರ್ಷವೂ ಒಂದೇ ಇರುವುದಿಲ್ಲ. ಕೆಲವು ವರ್ಷ ಹಿಗ್ಗುತ್ತದೆ, ಕೆಲವು ವರ್ಷ ಕುಗ್ಗುತ್ತದೆ. ಹಿಗ್ಗಿ ಕುಗ್ಗಿ ಮತ್ತೆ ಹಿಗ್ಗಲು 18.6 ವರ್ಷ ಬೇಕು. ಈ ಲೆಕ್ಕ ನಮಗೆ ಹೊಸದೇನಲ್ಲ. ರಾಹು ಒಂದು ರಾಶಿಯಲ್ಲಿ ಒಂದೂವರೆ ವರ್ಷ ಇರುತ್ತಾನೆ ಅಂತಾರಲ್ವಾ? ಹನ್ನೆರಡು ರಾಶಿ ಸುತ್ತಿ ಬರಲು ಹದಿನೆಂಟು ವರ್ಷ ಚಿಲ್ಲರೆ. ಪಂಚಾಂಗದ ರಾಹು-ಕೇತು ಅಂದರೆ ಸೂರ್ಯನ ದಾರಿಯೂ ಚಂದ್ರನ ದಾರಿಯೂ ಆಕಾಶದಲ್ಲಿ ಅಡ್ಡ ಹಾಯುವ ಎರಡು ಬಿಂದುಗಳು. ಆ ಬಿಂದುಗಳು ಒಂದು ಸುತ್ತು ತಿರುಗುವ ಕಾಲವೇ ಈ 18.6 ವರ್ಷ.

ನ್ಯೂವಾರ್ಕ್‌ನಲ್ಲಿ ವೃತ್ತದ ಒಂದು ಅಂಚಿನಲ್ಲಿ ಎತ್ತರದ ಗುಡ್ಡೆಯೊಂದಿದೆ. ಅದರ ಮೇಲೆ ನಿಂತು ವೃತ್ತದ ನಡುವೆ, ಓಣಿಯ ನಡುವೆ, ಎಂಟು ಮೂಲೆಯ ಆವರಣದ ನಡುವೆ ನೇರ ನೋಡಿ. ಚಂದ್ರ ಉತ್ತರದ ತುತ್ತತುದಿಯಲ್ಲಿ ಹುಟ್ಟುವ ರಾತ್ರಿ, ಆ ಗೆರೆಯ ಕೊನೆಗೆ ಬಂದು ಕಾಣುತ್ತಾನೆ. ಓದು ಬರಹ ಇಲ್ಲದ ಜನ ಇದನ್ನು ಕಂಡುಕೊಳ್ಳಲು ಎಷ್ಟು ತಲೆಮಾರು ಆಕಾಶ ನೋಡುತ್ತ ಕೂತಿರಬೇಕು! ಅಜ್ಜ ನೋಡಿದ್ದನ್ನು ಮೊಮ್ಮಗ ಸರಿಪಡಿಸಿರಬೇಕು.

ಗಾಲ್ಫ್ ಇಲ್ಲಿಗೆ ಬಂದದ್ದು ಹೇಗೆ ಅನ್ನುವುದು ಒಂದು ವಿಚಿತ್ರ ಕಥೆ. 19ನೇ ಶತಮಾನದಲ್ಲಿ ಕಾಲುವೆ ಬಂತು, ರೈಲು ಬಂತು, ಊರು ಬೆಳೆಯಿತು. ನೇಗಿಲು, ಮನೆಗಳ ಅಡಿಪಾಯ ಎಲ್ಲ ಸೇರಿ ಬಹುಪಾಲು ಏರಿಗಳನ್ನು ನುಂಗಿದವು. ಉಳಿದದ್ದಾದರೂ ಉಳಿಯಲಿ ಅಂತ 1892ರಲ್ಲಿ ಆ ಜಿಲ್ಲೆಯ ಜನ ಮತ ಹಾಕಿ, ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡು ಈ ಜಾಗ ಕೊಂಡರು. ಇದನ್ನು ಓದಿದಾಗ ನನಗೆ ಮನಸ್ಸು ತುಂಬಿ ಬಂತು. ಕೆಲವು ವರ್ಷ ರಾಜ್ಯದ ಸೈನಿಕರು ಅಲ್ಲಿ ಡೇರೆ ಹಾಕುತ್ತಿದ್ದರು. 1910ರಲ್ಲಿ ಜಾಗವನ್ನು ಒಂದು ಕ್ಲಬ್ಬಿಗೆ ಗುತ್ತಿಗೆ ಕೊಟ್ಟರು. ಗುತ್ತಿಗೆ ಮತ್ತೆ ಮತ್ತೆ ಮುಂದುವರಿದು ಕೊನೆಗೆ 2078ರವರೆಗೆ ಬೆಳೆಯಿತು.

ಕ್ಲಬ್ಬಿನವರ ಪರವಾಗಿ ಒಂದು ಮಾತು ಹೇಳಲೇಬೇಕು. ಅವರು ಏರಿಗಳನ್ನು ನೆಲಸಮ ಮಾಡಲಿಲ್ಲ. ಸುತ್ತಲೂ ಊರು ಬೆಳೆದರೂ ಈ ಜಾಗದಲ್ಲಿ ಮನೆ ಏಳಲಿಲ್ಲ, ನೇಗಿಲು ಬೀಳಲಿಲ್ಲ. ಹುಲ್ಲಿನ ಹೊದಿಕೆ ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಹಿಡಿದುಕೊಂಡಿತು. ಮಣ್ಣಿನ ಸ್ಮಾರಕಕ್ಕೆ ಹುಲ್ಲು ಒಳ್ಳೆಯ ರಕ್ಷಣೆಯೇ.

ಹಾಗಾದರೆ ಹೋದದ್ದೇನು? ಅಲ್ಲಿ ಹೋಗಿ ನಿಲ್ಲುವ ಹಕ್ಕು. ಹೊರಗಿನವರು ಇಡೀ ಜಾಗ ಸುತ್ತಾಡಲು ಸಿಗುತ್ತಿದ್ದದ್ದು ವರ್ಷಕ್ಕೆ ನಾಲ್ಕೇ ದಿನ. ಉಳಿದ ದಿನ ಪಾರ್ಕಿಂಗ್ ಹತ್ತಿರದ ಅಟ್ಟಣಿಗೆ ಹತ್ತಿ ದೂರದಿಂದ ನೋಡಬೇಕು. ಚಂದ್ರನನ್ನು ನೋಡಲೆಂದೇ ಕಟ್ಟಿದ ಜಾಗ ಅದು. ಅಲ್ಲಿ ಚಂದ್ರೋದಯದ ಹೊತ್ತಿಗೆ ಹೋಗಿ ನಿಲ್ಲಲು ಒಂದು ಕ್ಲಬ್ಬಿನ ಅನುಮತಿ ಬೇಕಿತ್ತು. ಈ ನೆಲದಿಂದ ದೂರದ ಓಕ್ಲಹೋಮಕ್ಕೆ ಅಟ್ಟಲ್ಪಟ್ಟ ಮೂಲನಿವಾಸಿ ಜನರಿಗೂ ಅದೇ ನಿಯಮ. ಈಸ್ಟರ್ನ್ ಶಾನೀ ಬುಡಕಟ್ಟಿನ ಮುಖ್ಯಸ್ಥೆ ಗ್ಲೆನ್ನಾ ವಾಲೇಸ್ ಇದರ ಬಗ್ಗೆ ವರ್ಷಗಟ್ಟಲೆ ದನಿ ಎತ್ತಿದರು.

ಜಾಗದ ಒಡೆತನ ರಾಜ್ಯದ ಇತಿಹಾಸ ಸಂಸ್ಥೆಯಾದ ಒಹಾಯೊ ಹಿಸ್ಟರಿ ಕನೆಕ್ಷನ್‌ನದು. ತನ್ನದೇ ಜಾಗ, ಆದರೆ ಗುತ್ತಿಗೆ ಬೇರೆಯವರ ಕೈಯಲ್ಲಿ. 2018ರಲ್ಲಿ ಅದು ಕೋರ್ಟಿಗೆ ಹೋಯಿತು. ನಮ್ಮಲ್ಲಿ ರಸ್ತೆಗೆ ಜಮೀನು ಸ್ವಾಧೀನ ಮಾಡಿಕೊಂಡು ಪರಿಹಾರ ಕೊಡುತ್ತಾರಲ್ಲ, ಅದೇ ಥರ. ಜಮೀನಿನ ಬದಲು ಗುತ್ತಿಗೆಯನ್ನು ಸ್ವಾಧೀನ ಮಾಡಿಕೊಳ್ಳುತ್ತೇವೆ, ಬೆಲೆ ಕೊಡುತ್ತೇವೆ ಎಂದಿತು. 2022ರ ಡಿಸೆಂಬರ್‌ನಲ್ಲಿ ಒಹಾಯೊ ಸುಪ್ರೀಂ ಕೋರ್ಟ್ ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟಿತು. ಆರು ನ್ಯಾಯಮೂರ್ತಿಗಳು ಪರ, ಒಬ್ಬರು ವಿರೋಧ. ಯುನೆಸ್ಕೊ ಪಟ್ಟಿ ಅದರ ಮರುವರ್ಷದ್ದು. ಹಣದ ಮಾತುಕತೆ 2024ರಲ್ಲಿ ಮುಗಿಯಿತು. 2025ರ ಜನವರಿ 1ರಂದು ಬಾಗಿಲು ಎಲ್ಲರಿಗೂ ತೆರೆಯಿತು. ಇದರಲ್ಲಿ ಒಂದು ಸೊಗಸಿದೆ. 2024-25ರಲ್ಲೇ ಚಂದ್ರನ ಓಲಾಟ ಅತಿ ಅಗಲಕ್ಕೆ ಬಂದಿತ್ತು. ಮತ್ತೆ ಅಷ್ಟು ಅಗಲವಾಗುವುದು 2043ರ ಹೊತ್ತಿಗೆ.

ಗಾಲ್ಫ್ ಬಂದರೆ ಹುಲ್ಲು ತಾನೇ ಬೆಳೆಯೋದು, ಅದರಲ್ಲಿ ಹಾಳಾಗೋದೇನು ಅಂತ ತುಂಬ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಹುಲ್ಲಿನ ಕೆಳಗಿದೆ.

ಕುಳಿಯ ಸುತ್ತ ಇರುವ ನುಣುಪು ಜಾಗಕ್ಕೆ 'ಗ್ರೀನ್' ಅನ್ನುತ್ತಾರೆ. ಅಲ್ಲಿ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರ್‌ಗೆ ಕತ್ತರಿಸುತ್ತಾರೆ, ಅಂದರೆ ಅಕ್ಕಿ ಕಾಳಿನ ಉದ್ದವೂ ಇಲ್ಲ. ಅಷ್ಟು ಗಿಡ್ಡ ಮಾಡಿದ ಹುಲ್ಲು ತನ್ನಷ್ಟಕ್ಕೆ ಬದುಕುವುದಿಲ್ಲ. ಇವತ್ತಿನ ಪದ್ಧತಿಯಲ್ಲಿ ಗ್ರೀನ್ ಮಾಡಬೇಕಾದರೆ ನೆಲ ಅಗೆದು ಕೆಳಗೆ ಪೈಪು ಹಾಕುತ್ತಾರೆ. ಅದರ ಮೇಲೆ 10 ಸೆಂಟಿಮೀಟರ್ ಜಲ್ಲಿ, ಅದರ ಮೇಲೆ 30 ಸೆಂಟಿಮೀಟರ್ ಜರಡಿ ಹಿಡಿದ ಮರಳು. ಪೈಪಿನ ಚರಂಡಿ ಇನ್ನೂ ಆಳಕ್ಕೆ ಹೋಗುತ್ತದೆ. ಒಂದು ಪೂರ್ತಿ ಮೈದಾನಕ್ಕೆ ಅಂಥ ಗ್ರೀನ್ ಹದಿನೆಂಟು. ಜೊತೆಗೆ ನೀರಿನ ಪೈಪಿಗೆ ಮೈದಾನದ ಉದ್ದಕ್ಕೂ ಕಾಲುವೆ ತೋಡಬೇಕು.

ಹಳೆಯ ಊರು ಇದ್ದ ನೆಲದಲ್ಲಿ ಆ ಒಂದೆರಡು ಅಡಿಯೇ ಎಲ್ಲ. ಎರಡು ಸಾವಿರ ವರ್ಷದ ಹಿಂದೆ ನೆಟ್ಟ ಮರದ ಕಂಬ ಇವತ್ತು ಕಂಬವಾಗಿ ಉಳಿದಿರುವುದಿಲ್ಲ. ಕೊಳೆತು ಮಣ್ಣಾಗಿರುತ್ತದೆ. ಉಳಿಯುವುದು ಒಂದು ಕಪ್ಪು ವೃತ್ತ, ಸುತ್ತಲಿನ ಮಣ್ಣಿಗಿಂತ ತುಸು ಬೇರೆ ಬಣ್ಣ, ಅಂಗೈ ಅಗಲ. ಪುರಾತತ್ವದವರು ಅಂಥ ಹತ್ತು ವೃತ್ತ ಜೋಡಿಸಿ ಒಂದು ಮನೆ ಇಲ್ಲಿತ್ತು ಅಂತ ಹೇಳುತ್ತಾರೆ. ಜೆಸಿಬಿಗೆ ಅದು ಕಾಣುವುದಿಲ್ಲ. ಓಡಿಸುವವನ ತಪ್ಪೂ ಅಲ್ಲ. ಅದಕ್ಕೇ ಅಗೆಯುವ ಮೊದಲು ನೆಲದ ಕಾಂತಗುಣ ಅಳೆಯುವ ಉಪಕರಣ ಹಿಡಿದು ಓಡಾಡಬೇಕು, ಆಕಾಶದಿಂದ ಲೇಸರ್ ಬಿಟ್ಟು ನೆಲದ ಏರಿಳಿತ ಅಳೆಯಬೇಕು. ಮೊದಲು ಹುಡುಕಾಟ, ಆಮೇಲೆ ನಕ್ಷೆ. ಜಾಸ್ತಿ ಕಡೆ ನಕ್ಷೆ ಮೊದಲೇ ಬಂದಿರುತ್ತದೆ.

ಈಗ ಮರಳಿನ ಕಥೆ. ಇದು ತಲಕಾಡು ನೋಡಿದವರಿಗೆ ಬೇಗ ಅರ್ಥವಾಗುತ್ತದೆ.

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಅಬರ್ಡೀನ್‌ನ ಉತ್ತರಕ್ಕೆ, ಫೋರ್ವಿ ಅಂತ ಒಂದು ಊರಿತ್ತು. ಮರಳು ಬಂದು ಊರನ್ನು ಮುಚ್ಚಿತು. ಈಗ ಉಳಿದಿರುವುದು ಒಂದು ಹಳೆಯ ಚರ್ಚಿನ ಗೋಡೆಗಳಷ್ಟೇ. ಊರಿನ ಒಡೆಯನ ಮೂವರು ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಮೋಸವಾಯಿತಂತೆ. ಈ ನೆಲದಲ್ಲಿ ಮುಳ್ಳು, ಹುಲ್ಲು, ಮರಳು ಬಿಟ್ಟು ಏನೂ ಉಳಿಯದಿರಲಿ ಅಂತ ಅವರು ಶಾಪ ಹಾಕಿದರಂತೆ. ನಮ್ಮ ಅಲಮೇಲಮ್ಮ ನೆನಪಾಗಲಿಲ್ವಾ? 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ.' ಅಲ್ಲಿ ಕಡಲ ದಂಡೆ, ಇಲ್ಲಿ ಕಾವೇರಿ ದಂಡೆ. ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಜನ, ಮರಳು ನಡೆದು ಬರುವುದನ್ನು ಕಂಡು ಒಂದೇ ಥರದ ಕಥೆ ಕಟ್ಟಿದ್ದಾರೆ.

ಮರಳು ಹೇಗೆ ನಡೆಯುತ್ತದೆ? ಗಾಳಿ ದಿಬ್ಬದ ಬೆನ್ನ ಮೇಲಿನ ಕಣವನ್ನು ಎತ್ತಿ ನೆತ್ತಿ ದಾಟಿಸಿ ಆಚೆ ಬೀಳಿಸುತ್ತದೆ. ಹೀಗೆ ಹಿಂದಿನಿಂದ ಸವೆಯುತ್ತ ಮುಂದೆ ಬೆಳೆಯುತ್ತ ಇಡೀ ದಿಬ್ಬ ಸರಿಯುತ್ತದೆ. ಸರಿದ ಜಾಗದಲ್ಲಿ ತಗ್ಗು ಬೀಳುತ್ತದೆ. ಗಾಳಿ ಕೆರೆದು ಕೆರೆದು ಒದ್ದೆ ಮರಳು ಸಿಗುವವರೆಗೂ ಹೋಗುತ್ತದೆ, ಒದ್ದೆ ಮರಳನ್ನು ಎತ್ತಲಾಗದೆ ನಿಲ್ಲುತ್ತದೆ. ಆ ಒದ್ದೆ ತಗ್ಗಿನಲ್ಲಿ ಬೇರೆಲ್ಲೂ ಬದುಕದ ಸಣ್ಣ ಗಿಡಗಳು ಹುಟ್ಟುತ್ತವೆ. ಕಾಲ ಕಳೆದಂತೆ ಪೊದೆ ಬೆಳೆದು ಅವನ್ನು ಮುಚ್ಚುತ್ತದೆ. ಅಷ್ಟರಲ್ಲಿ ಮರಳು ಇನ್ನೊಂದು ಕಡೆ ಹೊಸ ತಗ್ಗು ಮಾಡಿರುತ್ತದೆ. ಆ ಗಿಡಗಳು ಬದುಕಿರುವುದೇ ಈ ನಡಿಗೆಯಿಂದ. ನಡಿಗೆ ನಿಂತರೆ ಒಂದೆರಡು ತಲೆಮಾರಿನಲ್ಲಿ ಎಲ್ಲವೂ ಮಾಮೂಲಿ ಹುಲ್ಲುಗಾವಲು.

ಫೋರ್ವಿಯ ದಕ್ಷಿಣಕ್ಕೆ, ಯಿಥಾನ್ ನದಿ ದಾಟಿದರೆ ಫೋವೆರನ್ ಲಿಂಕ್ಸ್. ಅಲ್ಲೂ ನಡೆಯುವ ಮರಳು. ಅದಕ್ಕಾಗಿಯೇ 1984ರಲ್ಲಿ ಅದನ್ನು ವಿಶೇಷ ವೈಜ್ಞಾನಿಕ ಮಹತ್ವದ ತಾಣ ಎಂದು ಘೋಷಿಸಿದ್ದರು. ಪಕ್ಕದ ಮೆನಿ ಎಸ್ಟೇಟನ್ನು 2006ರಲ್ಲಿ ಡೊನಾಲ್ಡ್ ಟ್ರಂಪ್ ಕೊಂಡರು. ಗಾಲ್ಫ್ ಕೋರ್ಸು, 450 ಕೋಣೆಯ ಹೋಟೆಲ್, ಮನೆಗಳು, ಸಾವಿರಾರು ಉದ್ಯೋಗ ಅಂತ ಯೋಜನೆ ಬಂತು. ಕೋರ್ಸಿನ ಒಂದು ಭಾಗ ಆ ತಾಣದ ಒಳಕ್ಕೇ ಬರುತ್ತಿತ್ತು. 2007ರ ನವೆಂಬರ್‌ನಲ್ಲಿ ಸ್ಥಳೀಯ ಸಮಿತಿ ಅಧ್ಯಕ್ಷರ ನಿರ್ಣಾಯಕ ಮತದಿಂದ ಅರ್ಜಿ ತಳ್ಳಿಹಾಕಿತು. ಸ್ಕಾಟ್ಲೆಂಡ್ ಸರ್ಕಾರ ಕಡತವನ್ನು ತನ್ನ ಕೈಗೆ ತೆಗೆದುಕೊಂಡಿತು. 2008ರಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಪ್ರಕೃತಿ ಇಲಾಖೆ ವಿರೋಧಿಸಿತು. ಆದರೂ ಆರ್ಥಿಕ ಲಾಭ ದೊಡ್ಡದು ಎಂದು ಅದೇ ವರ್ಷ ಒಪ್ಪಿಗೆ ಸಿಕ್ಕಿತು.

ಮರಳು ಓಡಾಡುವ ಕಡೆ ಗ್ರೀನ್ ನಿಲ್ಲುವುದಿಲ್ಲ. ಹಾಗಾಗಿ ಮರಳನ್ನು ನಿಲ್ಲಿಸಬೇಕಾಯಿತು. ದಂಡೆಯಲ್ಲಿ ಬೆಳೆಯುವ ಮ್ಯಾರಮ್ ಎಂಬ ಗಟ್ಟಿ ಬೇರಿನ ಹುಲ್ಲನ್ನು ಸಾಲು ಸಾಲಾಗಿ ನೆಟ್ಟರು. ನೋಡಿದವರಿಗೆ ಹಸಿರು, ಚೆಂದ. 2012ರಲ್ಲಿ ಕೋರ್ಸು ತೆರೆಯಿತು. 2020ರ ಡಿಸೆಂಬರ್‌ನಲ್ಲಿ ಪ್ರಕೃತಿ ಇಲಾಖೆ ಫೋವೆರನ್ ಲಿಂಕ್ಸನ್ನು ವಿಶೇಷ ತಾಣಗಳ ಪಟ್ಟಿಯಿಂದ ತೆಗೆದುಹಾಕಿತು. ಯಾವ ಗುಣಕ್ಕಾಗಿ ಪಟ್ಟಿಗೆ ಸೇರಿಸಿದ್ದೆವೋ ಆ ಗುಣವೇ ಉಳಿದಿಲ್ಲ ಎಂದಿತು. 450 ಕೋಣೆಯ ಆ ಹೋಟೆಲ್ ಏಳಲೇ ಇಲ್ಲ.

ನನ್ನನ್ನು ಜಾಸ್ತಿ ಕಾಡುವುದು ಇದೇ. ಕೋರ್ಸು ತಾಣದ ಒಳಗೆ ತೆಗೆದುಕೊಂಡದ್ದು ಸುಮಾರು ಮೂರನೇ ಒಂದು ಭಾಗ ಮಾತ್ರ. ನಕ್ಷೆ ನೋಡಿದರೆ ಉಳಿದ ಎರಡು ಭಾಗ ಹಾಗೇ ಇದೆ ಅನ್ನಿಸಬೇಕು. ಆದರೆ ಮರಳು ನಕ್ಷೆಯ ಗೆರೆ ನೋಡಿ ನಡೆಯುವುದಿಲ್ಲ. ಒಂದು ಕಡೆ ಕಟ್ಟಿಹಾಕಿದರೆ ಇಡೀ ತಾಣದ ನಡಿಗೆ ಕುಂಟುತ್ತದೆ. ಎಕರೆ ಲೆಕ್ಕದಲ್ಲಿ ಸಣ್ಣ ನಷ್ಟ. ಕೆಲಸದ ಲೆಕ್ಕದಲ್ಲಿ ಪೂರ್ತಿ ನಷ್ಟ.

ಒಹಾಯೊದ ದಿಬ್ಬವನ್ನು ಮಳೆಯಿಂದ ಕಾಪಾಡಿದ್ದು ಹುಲ್ಲು, ಸ್ಕಾಟ್ಲೆಂಡಿನ ಮರಳನ್ನು ಕಟ್ಟಿಹಾಕಿದ್ದೂ ಹುಲ್ಲೇ. ಆದ್ದರಿಂದ 'ಹಸಿರು ಉಳಿಸುತ್ತೇವೆ' ಎಂಬ ಮಾತನ್ನು ಕೇಳಿದಾಗ, ಯಾವ ಹಸಿರು, ಯಾವ ಜಾಗಕ್ಕೆ ಅಂತ ಕೇಳದೆ ನನಗೆ ಸಮಾಧಾನವಾಗುವುದಿಲ್ಲ.

ಗೊಬ್ಬರದ್ದೂ ಇದೇ ಕಥೆ. ಮರಳು ದಿಬ್ಬದ ಗಿಡಗಳು ಬಡ ಮಣ್ಣಿಗೆ ಒಗ್ಗಿಕೊಂಡವು. ಸಾರ ಇಲ್ಲದಿರುವುದೇ ಅವುಗಳ ರಕ್ಷಣೆ, ಜೋರು ಗಿಡಗಳು ಅಲ್ಲಿಗೆ ಬರುವುದಿಲ್ಲ. ಗ್ರೀನಿಗೆ ಹಾಕಿದ ಗೊಬ್ಬರ ನೀರಿನ ಜೊತೆ ತಗ್ಗಿಗೆ ಇಳಿದರೆ ಒರಟು ಹುಲ್ಲು ಎದ್ದು ಸಣ್ಣವನ್ನು ಮುಚ್ಚುತ್ತದೆ. ಯಾರೂ ಏನನ್ನೂ ಕಿತ್ತಿರುವುದಿಲ್ಲ, ಆದರೂ ಗಿಡ ಮಾಯ.

ಹಾಗಂತ ಗಾಲ್ಫ್ ಬಂದ ಕಡೆಯೆಲ್ಲ ಹಾಳು ಅಂತ ಹೇಳಿದರೆ ಸುಳ್ಳಾಗುತ್ತದೆ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಮಾಕ್ರಿಹಾನಿಶ್ ಡ್ಯೂನ್ಸ್ ಕೂಡ ವಿಶೇಷ ತಾಣದಲ್ಲೇ 2009ರಲ್ಲಿ ತೆರೆಯಿತು. ಅಲ್ಲಿ ಪ್ರಕೃತಿ ಇಲಾಖೆಯನ್ನು ಮೊದಲ ದಿನದಿಂದ ಜೊತೆಗೆ ಕೂರಿಸಿಕೊಂಡರು. ಕಟ್ಟಿದವರ ಲೆಕ್ಕದಲ್ಲಿ 259 ಎಕರೆಯಲ್ಲಿ ನೆಲ ಕದಡಿದ್ದು ಏಳೇ ಎಕರೆ. ಗ್ರೀನ್ ಮತ್ತು ಚೆಂಡು ಹೊಡೆಯುವ ಕಟ್ಟೆಗಳಿಗೆ ಮಾತ್ರ ಅಗೆದರು, ಉಳಿದ ದಾರಿ ನೆಲ ಇದ್ದ ಹಾಗೇ. ಹುಲ್ಲು ಮೇಯಲು ಕುರಿ ಬಿಟ್ಟರು. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಕೊಲ್ಲಿಯ ಹಳೆಯ ಕೋರ್ಸುಗಳ ಅಂಚಿನಲ್ಲಿ ಹಲ್ಲಿ ಆರ್ಕಿಡ್ ಎಂಬ ಅಪರೂಪದ ಹೂ ಗುಂಪುಗುಂಪಾಗಿ ಅರಳುತ್ತದೆ. ಹಳೆಯ ಕೋರ್ಸುಗಳು ನೆಲಕ್ಕೆ ತಕ್ಕಂತೆ ಆಟ ಆಡಿದವು. ಬುಲ್ಡೋಜರ್ ಬಂದ ಮೇಲೆ ಆಟಕ್ಕೆ ತಕ್ಕಂತೆ ನೆಲ ಬದಲಾಯಿಸುವುದು ಸುಲಭವಾಯಿತು.

ಕೆಲವೊಮ್ಮೆ ಬೇಡ ಅನ್ನುವುದೇ ಸರಿ. ಸ್ಕಾಟ್ಲೆಂಡಿನ ಉತ್ತರದ ಕೋಲ್ ಲಿಂಕ್ಸ್‌ನಲ್ಲಿ ಕೋರ್ಸ್ ಕಟ್ಟುವ ಅರ್ಜಿಯನ್ನು 2020ರಲ್ಲಿ ಸರ್ಕಾರ ತಿರಸ್ಕರಿಸಿತು. ಅಲ್ಲಿ ಫೊನ್ಸೆಕ ಬೀಜದ ನೊಣ ಅಂತ ಒಂದು ಸಣ್ಣ ನೊಣ ಇದೆ. ಜಗತ್ತಿನಲ್ಲಿ ಅದು ಕಂಡಿರುವುದು ಆ ಕರಾವಳಿಯ ಒಂದು ಚಿಕ್ಕ ತುಂಡಿನಲ್ಲಿ ಮಾತ್ರ. ನೊಣಕ್ಕಾಗಿ ಕೆಲಸ ಬಿಡಬೇಕಾ ಅಂತ ಊರಿನ ಕೆಲವರು ಕೇಳಿದರೆ ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಉದ್ಯೋಗ ಇಲ್ಲದ ಊರಿನ ಸಂಕಟ ನಿಜ. ಮೂರು ವರ್ಷದ ಬಳಿಕ ಬದಲಾದ ನಕ್ಷೆಯೊಂದಿಗೆ ಮತ್ತೆ ಅರ್ಜಿ ಬಂತು. ತಾಣ ಉಳಿಸುವವರು ಪ್ರತಿ ಸಲವೂ ಗೆಲ್ಲಬೇಕು. ಕಟ್ಟುವವರಿಗೆ ಒಂದು ಸಲ ಗೆದ್ದರೆ ಸಾಕು.

ನಮ್ಮ ಮನೆ ಹತ್ತಿರಕ್ಕೂ ಬರೋಣ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಎಲ್ಲರಿಗೂ ಗೊತ್ತು. ಆ 'ಸಿ' ಅಂದರೆ ಚಲ್ಲಘಟ್ಟ. ಚಲ್ಲಘಟ್ಟ ಕೆರೆ ಎಲ್ಲಿ ಅಂತ ಹುಡುಕಿಕೊಂಡು ಹೋದರೆ ಸಿಗುವುದು ಗಾಲ್ಫ್ ಮೈದಾನ. ಕೆರೆ ಅಂದರೆ ಸರಪಳಿಯ ಒಂದು ಕೊಂಡಿ. ಮೇಲಿನ ಕೋಡಿಯಿಂದ ಬಂದ ನೀರನ್ನು ಹಿಡಿದು, ಹೂಳು ಇಳಿಸಿ, ನಿಧಾನಕ್ಕೆ ಕೆಳಗೆ ಬಿಡುವುದು ಅದರ ಕೆಲಸ. ಆ ಕೆಳಗಿನ ಕೆರೆ ಬೆಳ್ಳಂದೂರು. ಚಲ್ಲಘಟ್ಟದಲ್ಲಿ ಇವತ್ತು ಮರ ಇದೆ, ಹಕ್ಕಿ ಇದೆ, ಕಾಂಕ್ರೀಟು ಕಮ್ಮಿ. ಕೆರೆಯ ಕೆಲಸ ಮಾತ್ರ ಇಲ್ಲ.

ದೆಹಲಿಯ ಗಾಲ್ಫ್ ಕ್ಲಬ್ಬಿನೊಳಗೆ ಲಾಲ್ ಬಂಗ್ಲಾ ಎಂಬ ಮೊಘಲರ ಕಾಲದ ಗೋರಿಗಳಿವೆ. ಗುಮ್ಮಟದ ಪಕ್ಕದಲ್ಲೇ ಆಟ, ಮರದಡಿ ನವಿಲು. ನಮ್ಮ ಕಾನೂನು ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಕಟ್ಟಡ ಬೇಡ ಅನ್ನುತ್ತದೆ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. 1958ರ ಕಾಯ್ದೆಗೆ 2010ರಲ್ಲಿ ಸೇರಿಸಿದ ನಿಯಮ ಇದು. ಹಂಪಿಯಿಂದ ಹಳೇಬೀಡಿನವರೆಗೆ ಎಷ್ಟೋ ಕಡೆ ಉಪಕಾರ ಮಾಡುವ ನಿಯಮ. ಆದರೆ ಅದು ತಡೆಯುವುದು ಕಟ್ಟಡವನ್ನು. ಹುಲ್ಲುಹಾಸು ಕಟ್ಟಡ ಅಲ್ಲ. ನೀರು ಹಾಯಿಸಿ ನೆಲ ಸದಾ ಒದ್ದೆಯಾಗಿದ್ದರೆ ಹಳೆಯ ಗಾರೆಗೋಡೆ ಆ ತೇವ ಹೀರುತ್ತದೆ, ಉಪ್ಪು ಮೇಲೆದ್ದು ಗಾರೆ ಉದುರುತ್ತದೆ. ಅಡ್ಡಿ ಇಲ್ಲದ ನೋಟವನ್ನೂ ಮೀಟರ್ ಲೆಕ್ಕ ಕಾಪಾಡುವುದಿಲ್ಲ. ನ್ಯೂವಾರ್ಕ್‌ನಂಥ ಸ್ಮಾರಕದ ಜೀವ ಇರುವುದೇ ದಿಗಂತದವರೆಗೆ ಹೋಗುವ ಒಂದು ಗೆರೆಯಲ್ಲಿ.

ನಿಮ್ಮ ಊರಿನ ಹತ್ತಿರ ಇಂಥ ಯೋಜನೆ ಬಂದು ಅಹವಾಲು ಸಭೆ ಕರೆದರೆ, ಎಷ್ಟು ಎಕರೆ, ಎಷ್ಟು ದೂರ ಅಂತ ಎಲ್ಲರೂ ಕೇಳುತ್ತಾರೆ. ನೀವು ಇನ್ನೂ ಕೆಲವು ಕೇಳಿ. ಈ ನೆಲದಲ್ಲಿ ಮಳೆಗಾಲದ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿತ್ತು? ಅಗೆಯುವ ಆಳ ಎಷ್ಟು, ಅಗೆಯುವ ಮುಂಚೆ ಕೆಳಗೇನಿದೆ ಅಂತ ಯಾರು ನೋಡಿದ್ದಾರೆ? ಗುತ್ತಿಗೆ ಎಷ್ಟು ವರ್ಷ, ಷರತ್ತು ಮುರಿದರೆ ವಾಪಸ್ ಪಡೆಯುವ ದಾರಿ ಇದೆಯಾ? ಜಾತ್ರೆ ದಿನ, ಗ್ರಹಣದ ದಿನ, ದನ ಮೇಯಿಸುವ ದಿನ ನಾವು ಒಳಗೆ ಹೋಗಬಹುದಾ? ಉತ್ತರ ಬಾಯಿಮಾತಲ್ಲಿ ಬೇಡ, ಸಭೆಯ ನಡಾವಳಿಯಲ್ಲಿ ಬರೆಸಿ. ನ್ಯೂವಾರ್ಕ್‌ನ ಜನ 1892ರಲ್ಲಿ ತಮ್ಮ ದುಡ್ಡು ಕೊಟ್ಟು ಕೊಂಡ ಜಾಗಕ್ಕೆ ಬೇಕಾದಾಗ ಕಾಲಿಡಲು 2025 ಬರಬೇಕಾಯಿತು.